ಹಳೆಯ ಗಣಕಯಂತ್ರಕ್ಕೊಂದು ಹಗುರಾದ ಮನೆ

ಈ ಸ್ಮರಣಸಂಚಿಕೆಯ ಸಲುವಾಗಿ ಗೃಹಸ್ಥರಿಗೂ ವಿದ್ಯಾರ್ಥಿನಿಯರಿಗೂ ಉಪಯೋಗವಾಗುವಂಥ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲದವರು ಕೇಳಿದಾಗ, ನಾವು ಬಹಳ ವಿಚಾರಮಾಡದೆ ಈ ವಿಷಯವನ್ನು ಆರಿಸಿಕೊಂಡೆವು. ಯಾಕಂದರೆ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಅರಿವೆಯ ಮುಸುಕು ಹೊದ್ದು ಮೂಲೆಯಲ್ಲಿ ಕುಳಿತ ಹಳೆಯ ಗಣಕಯಂತ್ರವೊಂದು ಇದ್ದೇ ಇರುತ್ತದೆ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲವು 2020ನೆಯ ಜನವರಿ 14ಕ್ಕೆ ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ 14ಕ್ಕೆ ಮುಗಿಯಿತು. ಅದರ ತರುವಾಯದ ವಿಂಡೋಸ್ 11, ಕಡಿಮೆಯೆಂದರೆ 4 ಗಿಗಾಬೈಟು ಸ್ಮೃತಿಯನ್ನೂ ಹೊಸ ಬಗೆಯ ರಕ್ಷಣಾ ಸಾಧನವನ್ನೂ ಬೇಡುವದು. ಇವೆರಡೂ ಇಲ್ಲದ ಯಂತ್ರವು ಕೆಟ್ಟಿಲ್ಲದಿದ್ದರೂ ಕೆಟ್ಟದ್ದೆಂದು ಎಣಿಸಲ್ಪಟ್ಟು ಗುಜರಿಗೆ ಹೋಗುವದು.

ನಮ್ಮ ಮನೆಯಲ್ಲಿಯೂ 2012ರಲ್ಲಿ ಕೊಂಡ, 2 ಗಿಗಾಬೈಟು ಸ್ಮೃತಿಯುಳ್ಳ ಒಂದು ಯಂತ್ರವಿತ್ತು. ನಮ್ಮ ತಾಯಿಯವರು ತಮ್ಮ ಬಾಲ್ಯದ ಧಾರವಾಡದ ನೆನಪುಗಳನ್ನೂ ತಮ್ಮ ತಾಯಿಯಿಂದ ಕಲಿತ ಹಾಡುಗಳನ್ನೂ ಅದರಲ್ಲಿ ಬರೆಯುತ್ತಿದ್ದರು. ಅವು ಅರವತ್ತು ಪುಟಗಳಾಗುವ ಹೊತ್ತಿಗೆ ಯಂತ್ರವು ಒಂದು ಮುಂಜಾನೆ ಅವರನ್ನು ಒಳಗೆ ಬಿಡಲೊಲ್ಲದೆ ನಿಂತಿತು. ಆ ಪುಟಗಳು ಹೇಗೆ ಉಳಿದವೆಂಬುದನ್ನು ಮುಂದೆ ಹೇಳುವೆವು. ಅದನ್ನು ತಿಳಿಯಲು ಯಂತ್ರದ ಒಳಗಿನ ಏರ್ಪಾಡನ್ನು ಮೊದಲು ತಿಳಿಯತಕ್ಕದ್ದು.

೧. ಪರದೆಯ ಹಿಂದಿನ ಕೆಲಸಗಾರರು

ಗಣಕಯಂತ್ರದ ಪರದೆಯ ಮೇಲೆ ನಾವು ಕಾಣುವ ಚಿತ್ರ, ಕಿಟಕಿ, ಪಟ್ಟಿ ಮೊದಲಾದವುಗಳ ಸಮೂಹಕ್ಕೆ ಡೆಸ್ಕ್‌ಟಾಪ್ ಎಂದು ಹೆಸರು. ಇದು ಒಂದೇ ವಸ್ತುವೆಂದು ಅನೇಕರು ತಿಳಿದಿರುವರು. ನಿಜವಾಗಿ ನೋಡಿದರೆ ಇದು ತುಂಬಿದ ಮನೆಯಂತೆ ಹಲವರ ದುಡಿತದಿಂದ ನಡೆಯುತ್ತದೆ. ಎಲ್ಲಕ್ಕೂ ಕೆಳಗೆ, ನೆಲಗಟ್ಟಿನಂತೆ, ಲಿನಕ್ಸ್ ಎಂಬ ತಿರುಳು ಇರುವದು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಇದನ್ನು 1991ರಲ್ಲಿ ಆರಂಭಿಸಿದನು. ಅದರ ಮೇಲೆ, ಪರದೆಯಲ್ಲಿ ಚಿತ್ರ ಬಿಡಿಸುವ ಎಕ್ಸ್ ಎಂಬ ಕಾರ್ಯಕ್ರಮ. ಇದು 1984ರಲ್ಲಿ ಅಮೇರಿಕೆಯ ಎಂ.ಐ.ಟಿ.ಯಲ್ಲಿ ಹುಟ್ಟಿದ್ದು. ಅದರ ಮೇಲೆ, ಕಿಟಕಿಗಳಿಗೆ ಚೌಕಟ್ಟು ಹಾಕಿ ಅವುಗಳನ್ನು ಸರಿಸುವ, ಮುಚ್ಚುವ, ತೆರೆಯುವ ಕಿಟಕಿ-ವ್ಯವಸ್ಥಾಪಕ. ಕೆಳಗಿನ ಪಟ್ಟಿಯನ್ನು ತೋರಿಸುವವನು ಬೇರೆ, ಕಡತಗಳ ಕಪಾಟನ್ನು ತೆರೆಯುವವನು ಬೇರೆ, ಹಿನ್ನೆಲೆಯ ಚಿತ್ರವನ್ನು ಹಚ್ಚುವವನು ಬೇರೆ.

ದೊಡ್ಡ ಡೆಸ್ಕ್‌ಟಾಪುಗಳಲ್ಲಿ ಇವರೆಲ್ಲರೂ ಒಟ್ಟಿಗೆ ಬರುವರು. ಅವರ ಜೊತೆಗೆ ನಮಗೆ ಬೇಡವಾದ ಹತ್ತಾರು ಜನರೂ ಬಂದು ಸ್ಮೃತಿಯೆಂಬ ಉಗ್ರಾಣವನ್ನು ಬರಿದುಮಾಡುವರು. ಹಗುರಾದ ಮನೆ ಕಟ್ಟುವದೆಂದರೆ ಬೇಕಾದವರನ್ನಷ್ಟೇ ಆರಿಸಿ ಕರೆತರುವದು. ಇದರಿಂದ ಎರಡು ಲಾಭಗಳುಂಟು. ಯಂತ್ರವು ಚುರುಕಾಗುವದು ಒಂದು. ಪ್ರತಿಯೊಬ್ಬನನ್ನೂ ನಾವೇ ಕರೆತಂದಿರುವದರಿಂದ, ಕೆಲಸ ಕೆಟ್ಟಾಗ ಯಾರನ್ನು ವಿಚಾರಿಸಬೇಕೆಂಬುದು ತಿಳಿದಿರುವದು ಇನ್ನೊಂದು. ಎರಡನೆಯದೇ ಹೆಚ್ಚಿನ ಲಾಭವೆಂದು ನಮ್ಮ ಮತ.

೨. ಕಟ್ಟುವ ಕ್ರಮ

ನಾವು ಆರಿಸಿಕೊಂಡದ್ದು ಡೆಬಿಯನ್ ಎಂಬ ವಿತರಣೆ. 1993ರಲ್ಲಿ ಆರಂಭವಾದ ಇದನ್ನು ಲೋಕದ ನಾನಾ ಕಡೆಯ ಸ್ವಯಂಸೇವಕರು ನಡೆಸುತ್ತಿರುವರು. ಬೆಲೆಯಿಲ್ಲ, ನಕಲು ಮಾಡಿ ನೆರೆಹೊರೆಗೆ ಹಂಚಲು ಅಡ್ಡಿಯಿಲ್ಲ. ಒಂದು ಎಚ್ಚರಿಕೆ: 2025ರ ಆಗಸ್ಟಿನಲ್ಲಿ ಹೊರಟ ಇದರ 13ನೆಯ ಆವೃತ್ತಿಯು 32 ಬಿಟ್ಟಿನ ಹಳೆಯ ಯಂತ್ರಗಳಲ್ಲಿ ಹೊಸದಾಗಿ ಸ್ಥಾಪಿಸಲು ಬಾರದು, 64 ಬಿಟ್ಟಿನದಿರಬೇಕು. ಏನನ್ನೂ ಆರಂಭಿಸುವ ಮೊದಲು ಯಂತ್ರದಲ್ಲಿರುವ ಕಾಗದಪತ್ರ, ಭಾವಚಿತ್ರಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳತಕ್ಕದ್ದು. ಇದನ್ನು ಮರೆತವರಿಗೆ ಮುಂದಿನ ಯಾವ ಉಪದೇಶವೂ ಫಲಿಸದು.

ಸ್ಥಾಪನೆಯ ಕಾಲದಲ್ಲಿ, ಯಾವ ಡೆಸ್ಕ್‌ಟಾಪು ಬೇಕೆಂದು ಕೇಳುವ ಪಟ್ಟಿಯೊಂದು ಬರುವದು. ಅಲ್ಲಿ ಎಲ್ಲ ಡೆಸ್ಕ್‌ಟಾಪುಗಳ ಮುಂದಿನ ಗುರುತನ್ನೂ ತೆಗೆದು, ಸಾಮಾನ್ಯ ಉಪಕರಣಗಳನ್ನು ಮಾತ್ರ ಉಳಿಸಬೇಕು. ಕೆಲಸ ಮುಗಿದ ಮೇಲೆ ಕಪ್ಪು ಪರದೆಯೂ ಒಂದು ಸಾಲು ಅಕ್ಷರವೂ ಕಾಣುವವು. ಅಂಜಬೇಕಾದುದಿಲ್ಲ, ನೆಲಗಟ್ಟು ಮುಗಿದು ಗೋಡೆ ಏಳದ ಮನೆ ಅದು.

ಬಳಿಕ ಒಬ್ಬೊಬ್ಬರನ್ನಾಗಿ ಕರೆಯುವದು. ಎಕ್ಸ್ ಮೊದಲು. ಕಿಟಕಿಗಳಿಗೆ ಓಪನ್‌ಬಾಕ್ಸ್, ಕೆಳಪಟ್ಟಿಗೆ ಟಿಂಟ್2, ಕಡತಗಳಿಗೂ ಹಿನ್ನೆಲೆಯ ಚಿತ್ರಕ್ಕೂ ಪಿಸಿಮ್ಯಾನ್‌ಎಫ್‌ಎಂ, ಕಾರ್ಯಕ್ರಮಗಳನ್ನು ಹುಡುಕಲು ರೋಫಿ, ಒಳಬರುವ ಬಾಗಿಲಿಗೆ ಲೈಟ್‌ಡಿಎಂ. ಇಷ್ಟಾದರೆ ಮನೆ ವಾಸಕ್ಕೆ ಯೋಗ್ಯವಾಯಿತು. ಸದ್ದನ್ನು ಏರಿಳಿಸುವ, ಅಂತರ್ಜಾಲಕ್ಕೆ ಜೋಡಿಸುವ ಚಿಕ್ಕ ಸಹಾಯಕರನ್ನು ಅನಂತರ ಸೇರಿಸಬಹುದು.

ಇವರೆಲ್ಲರೂ ಮುಂಜಾನೆ ತಾವಾಗಿ ಏಳರು, ಎಬ್ಬಿಸಬೇಕು. ಅದಕ್ಕಾಗಿ ಓಪನ್‌ಬಾಕ್ಸಿನಲ್ಲಿ ಆಟೋಸ್ಟಾರ್ಟ್ ಎಂಬ ಕಡತವುಂಟು. ಅದರಲ್ಲಿ ಸಾಲಿಗೊಬ್ಬರಂತೆ ಹೆಸರು ಬರೆದು, ಪ್ರತಿ ಸಾಲಿನ ಕೊನೆಗೆ & ಎಂಬ ಚಿಹ್ನೆಯನ್ನಿಡಬೇಕು. ‘ಇವನ ಕೆಲಸ ಮುಗಿಯುವವರೆಗೆ ಕಾಯಬೇಡ, ಮುಂದಿನವನನ್ನು ಎಬ್ಬಿಸು’ ಎಂಬುದು ಅದರ ಅರ್ಥ. ನಾವು ಮೊದಲ ಸಲ ಎರಡನೆಯ ಸಾಲಿನಲ್ಲಿ ಅದನ್ನು ಬಿಟ್ಟೆವು. ಹಿನ್ನೆಲೆಯ ಚಿತ್ರ ಬಂದಿತು, ಪಟ್ಟಿ ಬಂದಿತು, ಮುಂದೆ ಯಾರೂ ಬರಲಿಲ್ಲ. ಪಟ್ಟಿಯ ಕೆಲಸಕ್ಕೆ ಮುಕ್ತಾಯವೇ ಇಲ್ಲವಷ್ಟೆ! ಅವನು ಮುಗಿಸುವನೆಂದು ಯಂತ್ರವು ದಿನವೆಲ್ಲಾ ಕಾದು ಕುಳಿತಿತ್ತು. ಒಂದು ಚಿಹ್ನೆಯ ಸಲುವಾಗಿ ನಮ್ಮ ಒಂದು ಸಂಜೆ ಕಳೆಯಿತು.

೩. ಕನ್ನಡದ ಏರ್ಪಾಡು

ಮನೆ ಎಷ್ಟು ಚೆನ್ನಾಗಿದ್ದರೂ ಮನೆಮಾತು ಅಲ್ಲಿ ನಡೆಯದಿದ್ದರೆ ಅದು ಛತ್ರಕ್ಕೆ ಸಮಾನ. ಕನ್ನಡ ಅಕ್ಷರಗಳಿಗೆ ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಹಿತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಸ್ಥಾನವಿದೆ. ಆದರೂ ಕನ್ನಡವು ಪರದೆಯ ಮೇಲೆ ಸರಿಯಾಗಿ ಮೂಡಬೇಕಾದರೆ ಮೂವರು ಬೇಕು: ಅಕ್ಷರದ ರೂಪವನ್ನು ಕೊಡುವ ಫಾಂಟು, ಒತ್ತು-ಗುಣಿತಗಳನ್ನು ಕೂಡಿಸುವ ಜೋಡಣೆಗಾರ, ಕೀಲಿಯನ್ನು ಅಕ್ಷರವಾಗಿಸುವ ಲಿಪಿಕಾರ. ಮೂವರ ರೋಗಲಕ್ಷಣಗಳೂ ಬೇರೆ ಬೇರೆ. ಇವುಗಳನ್ನು ಬೇರ್ಪಡಿಸಿ ಗುರುತಿಸುವದೇ ಚಿಕಿತ್ಸೆಯ ಅರ್ಧಭಾಗ.

ಅಕ್ಷರಗಳ ಬದಲು ಬರಿಯ ಚೌಕಗಳು ಕಂಡರೆ ಫಾಂಟು ಇಲ್ಲವೆಂದು ತಿಳಿಯಬೇಕು. ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್ನಿನ ಭಂಡಾರದಲ್ಲಿಯೇ ಸಿಗುತ್ತವೆ.

ಅಕ್ಷರಗಳು ಕಂಡರೂ ‘ಹುಬ್ಬಳ್ಳಿ’ ಎಂಬುದು ‘ಹುಬ್‌ಬಳ್‌ಳಿ’ ಎಂಬಂತೆ ಒಡೆದು, ಒತ್ತು ಕೆಳಗಿಳಿಯದೆ ಮಗ್ಗುಲಲ್ಲಿಯೇ ನಿಂತರೆ, ಅದು ಜೋಡಣೆಯ ದೋಷ. ಇಲ್ಲಿ ಎಷ್ಟು ಹೊಸ ಫಾಂಟು ತಂದರೂ ಪ್ರಯೋಜನವಿಲ್ಲ. ಆ ಕಾರ್ಯಕ್ರಮಕ್ಕೇ ಜೋಡಣೆ ಬಾರದು. ಹಗುರಾದ ಉಪಕರಣಗಳಲ್ಲಿ ಇದು ಸಾಮಾನ್ಯವಾದ ಕೊರತೆ. ರೋಫಿಯ ಬದಲು ನಾವು ಮೊದಲು ಡಿಮೆನು ಎಂಬ ಇನ್ನೂ ಚಿಕ್ಕ ಉಪಕರಣವನ್ನು ಇಟ್ಟಿದ್ದೆವು. ಅದರಲ್ಲಿ ತಾಯಿಯವರ ಕಡತಗಳ ಹೆಸರುಗಳೆಲ್ಲ ಒಡೆದು ಕಂಡವು. ರೋಫಿ, ಟಿಂಟ್2, ಓಪನ್‌ಬಾಕ್ಸ್ ಈ ಮೂರೂ ಪ್ಯಾಂಗೋ ಎಂಬ ಜೋಡಣೆಗಾರನ ಸಹಾಯ ಪಡೆಯುವದರಿಂದ ಅವುಗಳಲ್ಲಿ ಕನ್ನಡ ನೆಟ್ಟಗೆ ಮೂಡುವದು. ಹಗುರವೆಂಬ ಒಂದೇ ಕಾರಣಕ್ಕೆ ಉಪಕರಣವನ್ನು ಆರಿಸಬಾರದೆಂದು ನಾವು ಕಲಿತದ್ದು ಇಲ್ಲಿ.

ಓದಲು ಬರುವದು, ಬರೆಯಲು ಬಾರದು ಎಂದರೆ ದೋಷವು ಲಿಪಿಕಾರನದು. ಇದಕ್ಕೆ ಐಬಸ್ ಎಂಬ ಕಾರ್ಯಕ್ರಮವನ್ನೂ ಅದರ ಸಂಗಡ ಎಂ17ಎನ್ ಎಂಬ ಭಾಷಾಭಂಡಾರವನ್ನೂ ಹಾಕಿಕೊಳ್ಳಬೇಕು. ಅದರಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಬಳಕೆದಾರರೆಲ್ಲರಿಗೂ ಪರಿಚಿತವಾದ ಕೀಲಿಮಣೆಯ ವಿನ್ಯಾಸವಿದೆ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನೊತ್ತಿದರೆ ‘ಕನ್ನಡ’ ಮೂಡುವದು; ನಡುವಿನ ಎಫ್ ಒತ್ತಕ್ಷರಕ್ಕೆ ಬೇಕಾದ ಅರ್ಧವ್ಯಂಜನವನ್ನು ಕೊಡುವದು. ಒಂದು ಕಾರ್ಯಕ್ರಮದಲ್ಲಿ ಕನ್ನಡ ಬಂದು ಇನ್ನೊಂದರಲ್ಲಿ ಬಾರದಿದ್ದರೆ, ಎಲ್ಲ ಕಾರ್ಯಕ್ರಮಗಳಿಗೂ ‘ಲಿಪಿಕಾರನು ಇವನೇ’ ಎಂದು ಸಾರುವ ಮೂರು ಪರಿಸರ-ಸೂಚನೆಗಳು ಒಳಬರುವ ಸಮಯದಲ್ಲಿಯೇ ಜಾರಿಯಾಗಿವೆಯೋ ಎಂದು ನೋಡಬೇಕು. ಡೆಬಿಯನ್ನಿನಲ್ಲಿ ಐಎಂ-ಕಾನ್ಫಿಗ್ ಎಂಬ ಉಪಕರಣವು ಇದನ್ನು ಮಾಡಿಕೊಡುವದು.

ನಾಲ್ಕನೆಯದೊಂದು ತೊಂದರೆಯುಂಟು, ಅದು ಯಂತ್ರದ ದೋಷವಲ್ಲ. ಬಹಳ ವರ್ಷಗಳ ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಬರೆದ ಪತ್ರಗಳು ಇಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವವು. ಆಗ ಅವು ಹಾಳಾದವೆಂದು ಅಳಿಸಬಾರದು. ಅವುಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ.

೪. ದೋಷಪರೀಕ್ಷೆ

ಈಗ ನಮ್ಮ ತಾಯಿಯವರ ಅರವತ್ತು ಪುಟಗಳ ಕಥೆ. ಆ ದಿನ ಅವರು ಗುಪ್ತಪದವನ್ನು ಸರಿಯಾಗಿಯೇ ಬರೆದರು. ಪರದೆಯು ಒಮ್ಮೆ ಮಿನುಗಿ ಮತ್ತೆ ಗುಪ್ತಪದವನ್ನೇ ಕೇಳಿತು. ಹತ್ತು ಸಲ ಬರೆದರೂ ಹಾಗೆಯೇ. ಯಂತ್ರವನ್ನು ಒಂದು ಅಂಗಡಿಗೆ ಒಯ್ದೆವು. ಡಿಸ್ಕು ಸತ್ತಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕೆಂದು ಅಲ್ಲಿ ಹೇಳಿದರು. ತಾಯಿಯವರು ಮಾತಾಡಲಿಲ್ಲ, ಯಂತ್ರವನ್ನು ತಿರುಗಿ ಮನೆಗೆ ತರಿಸಿದರು. ಆ ಪುಟಗಳ ಇನ್ನೊಂದು ಪ್ರತಿಯನ್ನು ನಾವು ತೆಗೆದಿಟ್ಟಿರಲಿಲ್ಲ. ಮೇಲೆ ನಾವು ಬರೆದ ಎಚ್ಚರಿಕೆಯು ಈ ಪಶ್ಚಾತ್ತಾಪದಿಂದ ಹುಟ್ಟಿದ್ದು.

ಮನೆಯಲ್ಲಿ ಹೀಗೆ ವಿಚಾರಮಾಡಿದೆವು. ಗುಪ್ತಪದ ಕೇಳುವ ಪರದೆ ಬರುತ್ತಿದೆ. ಆದುದರಿಂದ ತಿರುಳೂ ಎಕ್ಸೂ ಎದ್ದಿವೆ. ಡಿಸ್ಕು ಸತ್ತಿದ್ದರೆ ಅಷ್ಟು ದೂರ ಬರುವದೇ ಅಸಾಧ್ಯ. ಗುಪ್ತಪದ ತಪ್ಪಿದ್ದರೆ ತಪ್ಪೆಂದೇ ಹೇಳುತ್ತಿತ್ತು, ಹೇಳಲಿಲ್ಲ. ಆದುದರಿಂದ ದೋಷವು ಬಾಗಿಲು ದಾಟಿದ ಮೇಲೆ, ಮನೆಯೊಳಗೆ ಕಾಲಿಡುವ ಕ್ಷಣದಲ್ಲಿದೆ.

ಕಂಟ್ರೋಲ್, ಆಲ್ಟ್, ಎಫ್3 ಎಂಬ ಮೂರು ಕೀಲಿಗಳನ್ನು ಕೂಡಿಸಿ ಒತ್ತಿದರೆ ಚಿತ್ರಗಳಿಲ್ಲದ ಅಕ್ಷರ-ಪರದೆ ತೆರೆಯುವದು. ಇದು ಮನೆಯ ಹಿತ್ತಲ ಬಾಗಿಲು. ಅಲ್ಲಿ ಅದೇ ಗುಪ್ತಪದದಿಂದ ಒಳಗೆ ಹೋದೆವು. ಕಡತಗಳ ಪಟ್ಟಿಯನ್ನು ಕೇಳಿದಾಗ ತಾಯಿಯವರ ಬರಹವು ಇದ್ದಲ್ಲಿಯೇ ಇತ್ತು. ಅವರು ಆಗ ಬಿಟ್ಟ ಉಸಿರು ನಮಗೆ ಇಂದಿಗೂ ನೆನಪಿದೆ. ಕೂಡಲೆ ಅದನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿದೆವು. ದುರಸ್ತಿಯ ಕೆಲಸ ಅದರ ತರುವಾಯ.

ಡಿಸ್ಕಿನಲ್ಲಿ ಎಷ್ಟು ಸ್ಥಳವಿದೆಯೆಂದು ಹೇಳುವ ಡಿಎಫ್ ಎಂಬ ಆಜ್ಞೆಯನ್ನು ಕೊಟ್ಟೆವು. ನೂರಕ್ಕೆ ನೂರು ತುಂಬಿದೆಯೆಂದು ಉತ್ತರ ಬಂದಿತು. ಒಳಬರುವವರಿಗೆ ಎಕ್ಸ್ ಒಂದು ಅನುಮತಿಚೀಟಿಯನ್ನು ಅವರ ಮನೆ-ಕೋಶದಲ್ಲಿ ಬರೆದಿಡಬೇಕಾಗುತ್ತದೆ. ಬರೆಯಲು ಎಳ್ಳಷ್ಟೂ ಸ್ಥಳವಿಲ್ಲದಾಗ ಚೀಟಿಯಿಲ್ಲ, ಚೀಟಿಯಿಲ್ಲದವರಿಗೆ ಪ್ರವೇಶವಿಲ್ಲ. ಕೋಶಗಳ ಗಾತ್ರವನ್ನು ತೋರಿಸುವ ಡಿಯು ಎಂಬ ಆಜ್ಞೆಯಿಂದ ಹುಡುಕಿದಾಗ, ಕಾರ್ಯಕ್ರಮಗಳ ದೂರುಗಳನ್ನು ಬರೆದಿಡುವ ಒಂದು ಅಡಗಿದ ಕಡತವೇ ಬೆಟ್ಟದಷ್ಟು ಬೆಳೆದು ನಿಂತಿತ್ತು. ಅದನ್ನು ಬರಿದುಮಾಡಿ ಯಂತ್ರವನ್ನು ಮತ್ತೆ ಆರಂಭಿಸಲು ಬಾಗಿಲು ತೆರೆಯಿತು.

ಆದರೆ ಕೆಲವೇ ದಿನಗಳಲ್ಲಿ ಸ್ಥಳವು ಮತ್ತೆ ಕರಗತೊಡಗಿತು. ಫಲವನ್ನು ಕಿತ್ತಿದ್ದೆವು, ಬೇರನ್ನು ಕಿತ್ತಿರಲಿಲ್ಲ. ದೂರಿನ ಕಡತವನ್ನು ಬರಿದುಮಾಡುವ ಮೊದಲು ಓದಬೇಕಾಗಿತ್ತು! ಈ ಸಲ ಓದಿದೆವು. ಒಂದೇ ವಾಕ್ಯವು ಸಾವಿರಾರು ಸಲ ಬರೆದಿತ್ತು: ಸದ್ದನ್ನು ಏರಿಳಿಸುವ ಚಿಕ್ಕ ಸಹಾಯಕನು, ನಾವು ಎಂದೋ ತೆಗೆದುಹಾಕಿದ ಧ್ವನಿಸಾಧನವೊಂದನ್ನು ಎಡೆಬಿಡದೆ ಹುಡುಕುತ್ತ, ಸಿಗಲಿಲ್ಲವೆಂದು ದೂರುತ್ತಲಿದ್ದನು. ಆಟೋಸ್ಟಾರ್ಟಿನಿಂದ ಅವನ ಸಾಲನ್ನು ತೆಗೆದೆವು. ರೋಗವು ತಿರುಗಿ ಬರಲಿಲ್ಲ.

ಇದರಿಂದ ನಾವು ಕಲಿತ ನಿಯಮಗಳನ್ನು ಸಂಗ್ರಹಿಸಿ ಹೇಳುವೆವು. ಮೊದಲು ಬರಹಗಳನ್ನು ಉಳಿಸುವದು, ಆಮೇಲೆ ಯಂತ್ರವನ್ನು. ಯಾವ ಕೆಲಸಗಾರನವರೆಗೆ ಎಲ್ಲವೂ ಸರಿಯಾಗಿದೆಯೆಂದು ಕೆಳಗಿನಿಂದ ಮೇಲಕ್ಕೆ ವಿಚಾರಿಸುವದು. ದೂರಿನ ಕಡತವನ್ನು ಅಳಿಸುವ ಮುಂಚೆ ಓದುವದು. ಯಾವ ಕಡತವನ್ನು ತಿದ್ದುವದಿದ್ದರೂ ಅದರ ನಕಲನ್ನು ಬೇರೆ ಹೆಸರಿನಿಂದ ಇಟ್ಟುಕೊಳ್ಳುವದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲವನ್ನು ನೋಡಿ, ಮುಂದೆ ಹೋಗುವದು. ನಮ್ಮ ಸೀಮೆಯ ಕಸೂತಿಯನ್ನು ಕಲಿತ ಭಗಿನಿಯರಿಗೆ ಈ ಕೊನೆಯ ಮಾತನ್ನು ವಿವರಿಸಬೇಕಾದುದಿಲ್ಲ. ಅಚ್ಚಿಲ್ಲದೆ, ಗಂಟಿಲ್ಲದೆ, ಎಳೆ ಎಣಿಸಿ ಗವಂತಿ ಹಾಕುವವಳು ಒಂದು ಎಳೆ ತಪ್ಪಿದರೆ ಅಲ್ಲಿಯವರೆಗೆ ಮಾತ್ರ ಬಿಚ್ಚುವಳು, ಸೀರೆಯನ್ನೇ ಎಸೆಯಳು.

೫. ಉಪಸಂಹಾರ

ಈ ಏರ್ಪಾಡಿನ ಮಿತಿಗಳನ್ನೂ ಹೇಳುವದು ನ್ಯಾಯ. ಮನೆ ಹಗುರಾದರೂ ಈಗಿನ ಅಂತರ್ಜಾಲದ ಪುಟಗಳು ಹಗುರಾಗಿಲ್ಲ. 2 ಗಿಗಾಬೈಟಿನಲ್ಲಿ ನಾಲ್ಕಾರು ಪುಟಗಳನ್ನು ಒಟ್ಟಿಗೆ ತೆರೆದರೆ ಯಂತ್ರವು ಏದುಸಿರು ಬಿಡುವದು. ಎಕ್ಸಿನ ಸ್ಥಾನಕ್ಕೆ 2008ರಲ್ಲಿ ಆರಂಭವಾದ ವೇಲ್ಯಾಂಡ್ ಎಂಬ ಹೊಸ ಪದ್ಧತಿಯು ಬರುತ್ತಲಿದೆ. ಓಪನ್‌ಬಾಕ್ಸ್ ಎಕ್ಸನ್ನೇ ನೆಚ್ಚಿದ್ದು. ಅದರ ಕೊನೆಯ ಆವೃತ್ತಿ ಹೊರಟದ್ದು 2015ರಲ್ಲಿ. ಆದರೂ ಅದೇ ರೀತಿಯ ಕಡತಗಳಿಂದ ವೇಲ್ಯಾಂಡಿನಲ್ಲಿ ನಡೆಯುವ ಲ್ಯಾಬ್‌ಡಬ್ಲ್ಯುಸಿ ಎಂಬುದು ಸಿದ್ಧವಾಗಿರುವದರಿಂದ, ಇಂದು ಕಲಿತದ್ದು ನಾಳೆ ವ್ಯರ್ಥವಾಗಲಾರದು.

ಪಾಲಕರಲ್ಲಿ ನಮ್ಮದೊಂದು ಬಿನ್ನಹ. ಮನೆಯ ಮೂಲೆಯಲ್ಲಿರುವ ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮುಂಚೆ ಒಂದು ರಜೆಯ ಕಾಲ ಅದನ್ನು ಮಗಳ ಕೈಗೆ ಕೊಡಿರಿ. ಅದರಲ್ಲಿ ಬೇಕಾದ ಕಾಗದಗಳು ಯಾವವೂ ಇಲ್ಲದಿರಲಿ. ಅವಳು ಕೆಡಿಸಿದರೆ ಬೈಯಬೇಡಿರಿ. ಕೆಡಿಸಿದ್ದನ್ನು ತಾನೇ ಸರಿಪಡಿಸಿದ ಹುಡುಗಿಯು, ಮುಂದೆ ಯಾರಾದರೂ ‘ಎಲ್ಲವನ್ನೂ ಅಳಿಸಬೇಕು’ ಎಂದಾಗ ‘ಯಾಕೆ?’ ಎಂದು ಕೇಳುವಳು.

ನಮ್ಮ ತಾಯಿಯವರ ಪುಟಗಳು ಈಗ ತೊಂಬತ್ತಾಗಿವೆ. ಅವುಗಳ ಪ್ರತಿಗಳು ಮೂರು ಕಡೆಗಳಲ್ಲಿವೆ. ಯಂತ್ರವು ಅದೇ, 2012ರದು.