ಅಕ್ಷರಕ್ಕೊಂದು ಅಂಕೆ

ಗಣಕಯಂತ್ರಕ್ಕೆ ಅಕ್ಷರಗಳ ಪರಿಚಯವಿಲ್ಲ. ಅದು ಬಲ್ಲದ್ದು ಅಂಕೆಗಳನ್ನು ಮಾತ್ರ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಅಂಕೆಯನ್ನು ಗೊತ್ತುಮಾಡಬೇಕಾಗುತ್ತದೆ. ಈ ಏರ್ಪಾಡಿಗೆ ಸಂಕೇತಪದ್ಧತಿ ಎಂದು ಹೆಸರು. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಪದ್ಧತಿಯಲ್ಲಿದ್ದುದು 128 ಸ್ಥಾನಗಳು. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ಕನ್ನಡದಂಥ ಲಿಪಿಗಳಿಗೆ ಅಲ್ಲಿ ಎಡೆಯಿರಲಿಲ್ಲ.

ಅಂತರಜಾಲದ ಮೊದಲ ದಿನಗಳಲ್ಲಿ ಅನೇಕ ಕನ್ನಡ ಪುಟಗಳು ಎರವಲು ಮನೆಯಲ್ಲಿಯೇ ವಾಸಮಾಡಿದವು. ಇಂಗ್ಲಿಷ್ ಅಕ್ಷರಕ್ಕೆ ಮೀಸಲಾದ ಅಂಕೆಯ ಮೇಲೆ ಕನ್ನಡದ ಆಕಾರವನ್ನು ಕೂರಿಸಿದ ಫಾಂಟುಗಳು ಬಳಕೆಗೆ ಬಂದವು. ಒಂದೊಂದು ಫಾಂಟಿನದು ಒಂದೊಂದು ಕ್ರಮ. ಓದುಗನ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಪುಟದ ತುಂಬ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ! ಬೇಕಾದ ಪದವನ್ನು ಹುಡುಕುವುದೂ ದುಸ್ಸಾಧ್ಯ, ಅಕಾರಾದಿಯಾಗಿ ಜೋಡಿಸುವುದೂ ದುಸ್ಸಾಧ್ಯ. ಕಣ್ಣಿಗೆ ಕನ್ನಡವಾಗಿದ್ದುದು ಯಂತ್ರಕ್ಕೆ ಕನ್ನಡವೇ ಆಗಿರಲಿಲ್ಲ.

1991ರಲ್ಲಿ ಪ್ರಕಟವಾದ ‘ಯೂನಿಕೋಡ್’ ಈ ತೊಡಕನ್ನು ಬಿಡಿಸುವ ದಾರಿ ತೋರಿತು. ಅದರಲ್ಲಿ ‘ಕ’ ಅಕ್ಷರದ ಅಂಕೆ 3221. ಅದು ಬೇರಾವ ಲಿಪಿಯ ಅಕ್ಷರಕ್ಕೂ ಸಲ್ಲದು. ಈ ಅಂಕೆಗಳನ್ನು ಬೈಟುಗಳಾಗಿ ಬರೆದಿಡುವ ‘ಯುಟಿಎಫ್-8’ ಎಂಬ ಕ್ರಮವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು, ಕನ್ನಡದ ಅಕ್ಷರಕ್ಕೆ ಮೂರು. ‘ಕ’ ಎಂಬುದು 224, 178, 149 ಎಂದು ದಾಖಲಾಗುತ್ತದೆ. ಕನ್ನಡ, ತಮಿಳು, ಅರಬ್ಬಿ, ಚೀನೀ ಲಿಪಿಗಳೆಲ್ಲ ಒಂದೇ ಪುಟದಲ್ಲಿ ನೆರೆಹೊರೆಯಾಗಿ ನಿಲ್ಲುವುದು ಹೀಗೆ ಸಾಧ್ಯವಾಯಿತು.

ಆದರೆ ಪುಟವು ಯಾವ ಪದ್ಧತಿಯಲ್ಲಿದೆ ಎಂಬುದನ್ನು ಓದುವ ಯಂತ್ರಕ್ಕೆ ತಿಳಿಸಲೇಬೇಕು. ಅದೇ ಮೂರು ಬೈಟುಗಳನ್ನು ಪಶ್ಚಿಮ ಯುರೋಪಿನ ವಿಂಡೋಸ್ ಪದ್ಧತಿಯಂತೆ ಓದಿದರೆ ‘ಕ’ ಮಾಯವಾಗಿ, ತಲೆಯ ಮೇಲೆ ಓರೆಗೆರೆ ಹೊತ್ತ ಒಂದು ರೋಮನ್ ಅಕ್ಷರ, ಮೇಲಕ್ಕೇರಿದ ಸಣ್ಣ 2, ಒಂದು ದಪ್ಪ ಚುಕ್ಕೆ ಕಾಣಿಸಿಕೊಳ್ಳುತ್ತವೆ. ಜಪಾನೀಯರು ಈ ವಿಕಾರವನ್ನು ‘ಮೊಜಿಬಾಕೆ’ ಎನ್ನುತ್ತಾರೆ. ಪದ್ಧತಿಯ ಹೆಸರನ್ನು ಪುಟದ ಮೊದಲ 1024 ಬೈಟುಗಳೊಳಗೆ ಬರೆಯಬೇಕೆಂಬುದು ನಿಯಮ. ಪುಟವನ್ನು ಕಳುಹಿಸುವ ಯಂತ್ರವೂ ಈ ಹೆಸರನ್ನು ಹೇಳಬಹುದು; ಎರಡೂ ಭಿನ್ನವಾದರೆ ನಡೆಯುವುದು ಕಳುಹಿಸುವ ಯಂತ್ರದ ಮಾತೇ. ಪುಟವನ್ನು ಎಷ್ಟು ತಿದ್ದಿದರೂ ಕೆಲವೊಮ್ಮೆ ದೋಷ ಹೋಗದಿರುವುದಕ್ಕೆ ಇದೇ ಕಾರಣ.

ಓದಿನಲ್ಲಾದ ತಪ್ಪಿಗೆ ಪರಿಹಾರವುಂಟು. ಬೈಟುಗಳು ಕೆಡದೆ ಉಳಿದಿರುತ್ತವೆ, ಸರಿಯಾದ ಪದ್ಧತಿಯನ್ನು ಸೂಚಿಸಿದರೆ ಕನ್ನಡ ಮರಳಿ ಮೂಡುತ್ತದೆ. ಬರೆದಿಡುವಾಗ ಆಗುವ ತಪ್ಪು ಹಾಗಲ್ಲ. ಕನ್ನಡಕ್ಕೆ ಸ್ಥಾನವಿಲ್ಲದ ಪದ್ಧತಿಗೆ ಲೇಖನವನ್ನು ಪರಿವರ್ತಿಸಿದಾಗ, ಎಷ್ಟೋ ಯಂತ್ರಗಳು ಒಂದೊಂದು ಅಕ್ಷರದ ಎಡೆಯಲ್ಲಿಯೂ ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟುಬಿಡುತ್ತವೆ. ಆ ಚಿಹ್ನೆಯ ಅಂಕೆ 63. ‘ಕ’ ಇದ್ದಲ್ಲಿಯೂ 63, ‘ಖ’ ಇದ್ದಲ್ಲಿಯೂ 63. ಮೂಲಪ್ರತಿ ಬೇರೆಡೆ ಉಳಿದಿರದಿದ್ದರೆ ಅಲ್ಲಿ ಏನು ಬರೆದಿತ್ತೆಂದು ಹೇಳಬಲ್ಲ ಯಂತ್ರವಿಲ್ಲ.