ಅಜ್ಜಿ-ತಾತಂದಿರ ಕಾಲಿನ ಬಲ

ಆರೋಗ್ಯವೇ ಭಾಗ್ಯ ಅಂತ ನಾವೆಲ್ಲ ಪ್ರಬಂಧದಲ್ಲಿ ಬರೆದಿದ್ದೇವೆ, ಅಂಕವನ್ನೂ ತಗೊಂಡಿದ್ದೇವೆ. ಆದರೆ ಅರವತ್ತು, ಎಪ್ಪತ್ತು ದಾಟಿದವರು ಚೆನ್ನಾಗಿರಬೇಕಾದರೆ ದಿನಾ ಏನು ಮಾಡಬೇಕು ಅನ್ನೋದನ್ನು ನಾವು ಓದಿದ್ದು ಕಡಿಮೆ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಇದೇ ವಿಷಯ ಆರಿಸಿಕೊಂಡೆ.

ನಮ್ಮ ಬೊಮ್ಮನಹಳ್ಳಿ ಈಗ ಹೆಸರಿಗೆ ಮಾತ್ರ ಹಳ್ಳಿ. ಹೊಸೂರು ರಸ್ತೆಯಲ್ಲಿ 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಮೇಲ್ಸೇತುವೆ ಬಂತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂತು. ಕೆಳಗೆ ವಯಸ್ಸಾದವರು ನಡೆದು ರಸ್ತೆ ದಾಟೋದು ಮಾತ್ರ ಕಷ್ಟವೇ. ಒಂದು ಕಾಲದಲ್ಲಿ ಹೊಲದಲ್ಲಿ ಬಗ್ಗಿ ಕಳೆ ಕಿತ್ತವರು, ಬಾವಿಯಿಂದ ನೀರು ಸೇದಿದವರು ಈಗ ವಠಾರದ ಒಂದು ರೂಮಿನಲ್ಲಿ ಟಿವಿ ಮುಂದೆ ಕೂತಿರ್ತಾರೆ. ಅಪ್ಪ ಅಮ್ಮ ಗಾರ್ಮೆಂಟ್ಸ್‌ಗೆ, ನಾವು ಸ್ಕೂಲಿಗೆ. ನಲ್ಲಿ, ಮಿಕ್ಸಿ ಬಂದದ್ದು ಒಳ್ಳೆಯದೇ, ನಾನು ಅದನ್ನು ಬೇಡ ಅನ್ನೋದಿಲ್ಲ. ಆದರೆ ಕಾಲಿಗೆ ಕೆಲಸ ತಪ್ಪಿಹೋಯಿತು.

ನಡುವಯಸ್ಸು ದಾಟಿದ ಮೇಲೆ ಎಲ್ಲರ ಸ್ನಾಯುವೂ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಕೂತೇ ಇದ್ದರೆ ಬೇಗ ಕರಗುತ್ತದೆ. ತೊಡೆಯ ಬಲ ಕಡಿಮೆಯಾದರೆ ಏಳುವಾಗ, ತಿರುಗುವಾಗ ತೂಕ ತಪ್ಪುತ್ತದೆ. ಮೂಳೆಯೂ ಸವೆದಿದ್ದರೆ ಒಂದೇ ಸಲ ಬಿದ್ದರೂ ಸೊಂಟದ ಕೀಲಿನ ಹತ್ತಿರ ಮುರಿಯಬಹುದು. ಹಾಗೆ ಮುರಿದವರಲ್ಲಿ ಎಷ್ಟೋ ಜನ ಮೊದಲಿನ ಹಾಗೆ ನಡೆಯೋದಿಲ್ಲ. ನಮ್ಮ ಅಜ್ಜಿ ಹೋದ ವರ್ಷ ಬಚ್ಚಲಿನಲ್ಲಿ ಜಾರಿದರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಭಯ ಬಿದ್ದು ಹೊರಗೆ ಹೋಗೋದನ್ನೇ ಬಿಟ್ಟರು. "ನಾನು ಮಲಗಿಬಿಟ್ಟರೆ ನಿಮ್ಮಮ್ಮ ಕೆಲಸ ಬಿಡಬೇಕಾಗುತ್ತೆ ಕಣೋ" ಅಂದರು. ಅವರ ಲೆಕ್ಕ ಸುಳ್ಳಲ್ಲ. ಆದರೆ ಬೀಳ್ತೀನಿ ಅಂತ ಹೆದರಿ ಕೂತರೆ ಕಾಲು ಇನ್ನೂ ಸೋಲುತ್ತದೆ, ಬೀಳೋದು ಇನ್ನೂ ಹತ್ತಿರ ಬರುತ್ತದೆ.

ದೀರ್ಘಾಯುಷ್ಯ ಅಂದ ಕೂಡಲೇ ಎಲ್ಲರೂ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳುತ್ತಾರೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು 1962ರಲ್ಲಿ ತೀರಿಕೊಂಡಾಗ ನೂರು ವರ್ಷ ತುಂಬಿತ್ತು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಅನ್ನೋ ಕೆಲಸ ನೋಡಿದವರು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು (1918–2021) ನೂರು ದಾಟಿದ ಮೇಲೂ ಧರಣಿಗೆ ಬರುತ್ತಿದ್ದರು. ಇವರನ್ನು ನೆನೆದರೆ ಉತ್ಸಾಹ ಬರುತ್ತದೆ, ನಿಜ. ಆದರೆ ಎಲ್ಲರಿಗೂ ನೂರು ವರ್ಷ ಬೇಕಾಗಿಲ್ಲ. ಎಂಬತ್ತರಲ್ಲಿ ತಾವೇ ಎದ್ದು ಬಚ್ಚಲಿಗೆ ಹೋಗಿ ಬರುವಂತಿದ್ದರೆ ಸಾಕು ಅಂತ ನಮ್ಮ ಅಜ್ಜಿ ಹೇಳ್ತಾರೆ. ನನಗೂ ಅದೇ ಸರಿ ಅನ್ನಿಸಿತು.

ಕಾಲಿನ ಬಲ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಪೂರ್ತಿ ಎದ್ದು ನಿಂತು ಮತ್ತೆ ಕೂರಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಅಂತ ಎಣಿಸಿ. 70ರಿಂದ 74 ವಯಸ್ಸಿನಲ್ಲಿ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆ ಆದರೆ ಬೀಳುವ ಸಂಭವ ಹೆಚ್ಚು ಅಂತ ಲೆಕ್ಕ. ಪಕ್ಕದಲ್ಲಿ ಒಬ್ಬರು ನಿಂತೇ ಇರಬೇಕು. ತಲೆ ಸುತ್ತು, ಎದೆನೋವು ಇದ್ದವರು ಡಾಕ್ಟರನ್ನು ಕೇಳದೆ ಮಾಡಬಾರದು. ನಮ್ಮ ಅಜ್ಜಿಗೆ ಎಪ್ಪತ್ತೆರಡು. ಮೊದಲ ದಿನ ಆರು ಸಲ ಎದ್ದರು, ಎರಡು ತಿಂಗಳಾದ ಮೇಲೆ ಒಂಬತ್ತು. ಔಷಧಿಯೂ ಇದೇ: ಬೆಳಿಗ್ಗೆ ಹತ್ತು ಸಲ, ಸಾಯಂಕಾಲ ಹತ್ತು ಸಲ ಎದ್ದು ಕೂರೋದು. ಮೊದಮೊದಲು ಕೈ ಊರಿಕೊಂಡರೂ ಪರವಾಗಿಲ್ಲ. ಆಮೇಲೆ ಗೋಡೆ ಹಿಡಿದುಕೊಂಡು ಒಂದೊಂದು ಕಾಲಲ್ಲಿ ಸ್ವಲ್ಪ ಹೊತ್ತು ನಿಲ್ಲೋದು.

ನಡಿಗೆಯೂ ಬೇಕು. ವಾರಕ್ಕೆ 150 ನಿಮಿಷವಾದರೂ ಸ್ವಲ್ಪ ಬಿರುಸಾಗಿ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಐದು ದಿನ ಅರ್ಧರ್ಧ ಗಂಟೆ. ತೂಕ ತಪ್ಪದ ಹಾಗೆ ಮಾಡುವ ವ್ಯಾಯಾಮ ವಾರಕ್ಕೆ ಮೂರು ದಿನವಾದರೂ ಇರಬೇಕಂತೆ. ಇಲ್ಲಿ ಎಲ್ಲಿ ನಡೆಯೋದು ಅಂತ ನೀವು ಕೇಳಬಹುದು. ಮೇನ್ ರೋಡ್ ಬೇಡ. ಬೆಳಿಗ್ಗೆ ಗಾಡಿ ಓಡಾಟ ಶುರುವಾಗುವ ಮೊದಲು ನಮ್ಮ ನಮ್ಮ ಅಡ್ಡರಸ್ತೆಯಲ್ಲೇ ಹತ್ತತ್ತು ನಿಮಿಷದಂತೆ ಮೂರು ಸಲ ನಡೆದರೂ ಲೆಕ್ಕಕ್ಕೆ ಬರುತ್ತದೆ. ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಮಾತ್ರ ಬೇಡ.

ಊಟದ ವಿಷಯ ಹೆಚ್ಚು ಬರೆಯೋದಿಲ್ಲ. ನಮ್ಮ ಮುದ್ದೆಯೇ ಸಾಕ್ಷಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅದರ ಜೊತೆ ಹುರುಳಿ, ಅವರೆ, ಹೆಸರುಕಾಳು ಯಾವುದಾದರೂ ಇರಲಿ, ಸ್ನಾಯುವಿಗೆ ಅದು ಬೇಕು. ಬರೀ ಅನ್ನ-ತಿಳಿಸಾರು ಸಾಲದು. ಉಪ್ಪು ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಬೇಕು, ಉಪ್ಪಿನಕಾಯಿ ಹಪ್ಪಳದ ಉಪ್ಪೂ ಸೇರಿ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗೋದಿಲ್ಲ, ನಾವೇ ನೀರು ತಂದು ಕೊಡಬೇಕು. ಹೃದಯ, ಕಿಡ್ನಿ ತೊಂದರೆಗೆ ಡಾಕ್ಟರು ನೀರಿನ ಮಿತಿ ಹೇಳಿದ್ದರೆ ಅದರಂತೆ.

ರಾತ್ರಿ ಎದ್ದಾಗ ದಡಕ್ಕನೆ ನಿಲ್ಲಬಾರದು. ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತದೆ. ಹಾಸಿಗೆಯಲ್ಲೇ ಒಂದು ನಿಮಿಷ ಕೂತು ಆಮೇಲೆ ಏಳಬೇಕು. ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಬಲ್ಬು ಉರಿಯುತ್ತಿರಲಿ, ಕರೆಂಟ್ ಬಿಲ್ ಅಷ್ಟೇನೂ ಏರೋದಿಲ್ಲ. ಬಿ.ಪಿ., ಸಕ್ಕರೆ ಪರೀಕ್ಷೆಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲೂ 'ನಮ್ಮ ಕ್ಲಿನಿಕ್'ನಲ್ಲೂ ನೋಡ್ತಾರೆ. ಚೆನ್ನಾಗಿದ್ದೀನಲ್ಲ ಅಂತ ಬಿ.ಪಿ. ಮಾತ್ರೆ ತಾವೇ ನಿಲ್ಲಿಸುವ ಅಜ್ಜಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ಮಾತ್ರೆ ತಗೊಂಡದ್ದರಿಂದಲೇ ಚೆನ್ನಾಗಿರೋದು ಅಂತ ಅವರಿಗೆ ಯಾರಾದರೂ ಹೇಳಬೇಕು.

ಈ ಹಾಳೆಯ ಪಕ್ಕದಲ್ಲಿ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ನಿಮ್ಮ ಮನೆಯ ಅಜ್ಜಿ, ತಾತ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂತರು ಅಂತ ವಯಸ್ಸಿನ ಜೊತೆ ಬರೆಯಿರಿ, ಹೆಸರು ಬೇಡ. ಮುಂದಿನ ತಿಂಗಳು ಇನ್ನೊಂದು ಸಲ ಎಣಿಸಿ ಪಕ್ಕದ ಮನೆಯಲ್ಲಿ ತುಂಬೋಣ. ಐವತ್ತು ದಾಟಿದ ಮೇಷ್ಟ್ರು, ಮಿಸ್‌ಗಳೂ ಬರೆಯಬಹುದು.