ಪ್ರಜಾನಿಯಂತ್ರಣ: ಫಿಲಡೆಲ್ಫಿಯದಿಂದ ಕೊಳಾಲದವರೆಗೆ

1776ರ ಜುಲೈ 4ರ ಅಮೆರಿಕದ ಸ್ವಾತಂತ್ರ್ಯಘೋಷಣೆಯು ಸರ್ಕಾರದ ನ್ಯಾಯಸಮ್ಮತ ಅಧಿಕಾರಕ್ಕೆ ಪ್ರಜೆಗಳ ಸಮ್ಮತಿಯೇ ಮೂಲವೆಂದು ಸಾರಿತು. 1787ರಲ್ಲಿ ಫಿಲಡೆಲ್ಫಿಯದಲ್ಲಿ ರಚಿತವಾದ ಸಂವಿಧಾನವಾದರೋ, ತನ್ನ 4ನೆಯ ವಿಧಿಯಲ್ಲಿ, ಒಕ್ಕೂಟದ ಪ್ರತಿಯೊಂದು ರಾಜ್ಯಕ್ಕೂ ಗಣತಂತ್ರಾತ್ಮಕ ಆಡಳಿತದ ಭರವಸೆಯನ್ನಿತ್ತಿತು.

ಇತ್ತ ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆಯು ಆರಂಭದಲ್ಲಿ ಕುಂದುಕೊರತೆಗಳನ್ನು ನಿವೇದಿಸುವ ವೇದಿಕೆಯಾಗಿತ್ತೇ ಹೊರತು, ಸರ್ಕಾರವನ್ನು ನಿಯಂತ್ರಿಸುವ ಅಧಿಕಾರವು ಅದಕ್ಕಿರಲಿಲ್ಲ.

ಇಂದಾದರೆ, ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೊಳಾಲದಲ್ಲಿ, ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಕೃಷಿಕನೂ ಕೂಲಿಯ ಹೆಣ್ಣುಮಗಳೂ ಗ್ರಾಮಸಭೆಯ ಸದಸ್ಯರೇ ಆಗಿರುವುದರಿಂದ, ಪಂಚಾಯಿತಿಯ ಲೆಕ್ಕಪತ್ರವನ್ನೂ ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿಯನ್ನೂ ಎದ್ದುನಿಂತು ಪ್ರಶ್ನಿಸಬಲ್ಲರು.

ನೆನಪಿಡಿ:
• ಗ್ರಾಮಸಭೆ: ಭಾರತ ಸಂವಿಧಾನದ 243ಎ ವಿಧಿ
• ಪಂಚಾಯಿತಿಗಳ ಕುರಿತಾದ, ಭಾರತ ಸಂವಿಧಾನದ 73ನೆಯ ತಿದ್ದುಪಡಿ ಜಾರಿ: 1993ರ ಏಪ್ರಿಲ್ 24
• ಅಮೆರಿಕದ ಹಕ್ಕುಗಳ ಮಸೂದೆ ಅಂಗೀಕಾರ: 1791